ನಡುರಾತ್ರಿ ಕೈ ಕೊಡವುವ ಸೋದರಿಯರಿಗೆ

ಪ್ರಿಯ ಸೋದರಿಯರೇ,

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಯ ವಿಷಯ ಮಾತಾಡಿದೆವು. ಈ ಸಲವೂ ಅಡಿಗೆಮನೆಯಲ್ಲೇ ಕೂತಿರೋಣ. ಆದರೆ ಅಡಿಗೆಯ ಮಾತು ಬೇಡ, ಅಡಿಗೆ ಮಾಡುವ ಕೈಯ ಮಾತಾಡೋಣ. ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಹೇಳಿದರು. ಆ ಕೈಯೇ ಮುಷ್ಕರ ಹೂಡಿದರೆ ಮನೆಮಂದಿಯ ಗತಿ ಏನು ಅಂತ ಯಾರೂ ಹೇಳಿಕೊಡಲಿಲ್ಲ ನೋಡಿ!

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಡೆದದ್ದು ಇದು. ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಒಲೆಯಿಂದ ಇಳಿಸುತ್ತಿದ್ದೆ. ಹಿಡಿದಿದ್ದೇನೆ ಅಂತಲೇ ನನ್ನ ಮನಸ್ಸಿಗಿತ್ತು, ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಪಾತ್ರೆ ಜಾರಿ ಧೊಪ್ಪೆಂದು ಬಿತ್ತು. ಚಿಕ್ಕ ಮಗ ಊಟದ ಡಬ್ಬಿಗೆ ಕಾಯುತ್ತಾ ಪಕ್ಕದಲ್ಲೇ ನಿಂತಿದ್ದ. ಅವನು ಒಂದು ಹೆಜ್ಜೆ ಹಿಂದಕ್ಕೆ ಹಾರಿದ್ದರಿಂದ ಕಾಲು ಉಳಿಯಿತು. ನಮ್ಮವರು ಹೊರಗಿನಿಂದಲೇ, "ಗಮನ ಎಲ್ಲಿರತ್ತೆ ನಿಂಗೆ?" ಅಂದರು. ನಾನೂ ಹಾಗೇ ಅಂದುಕೊಂಡು ನೆಲ ಒರೆಸಿದೆ. ಆದರೆ ಆ ದಿನವೆಲ್ಲ ಎದೆ ನಡುಗುತ್ತಿತ್ತು. ಮಗುವಿನ ಕಾಲಿನ ಮೇಲೇ ಬಿದ್ದಿದ್ದರೆ?

ಅದಕ್ಕೂ ಮೊದಲೇ, ಸುಮಾರು ಆರು ತಿಂಗಳಿಂದ ರಾತ್ರಿ ಕೈ ಜೋಮು ಹಿಡಿಯುತ್ತಿತ್ತು. ಎರಡು ಗಂಟೆಯೋ ಮೂರು ಗಂಟೆಯೋ, ಎಚ್ಚರವಾದರೆ ಬಲಗೈ ನನ್ನದೇ ಅಲ್ಲವೇನೋ ಅನ್ನುವ ಹಾಗೆ ಮರಗಟ್ಟಿರುತ್ತಿತ್ತು. ಬೆರಳಿನೊಳಗೆ ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ. ಎದ್ದು ಕೂತು ಜ್ವರ ನೋಡುವ ಥರ್ಮಾಮೀಟರ್ ಕೊಡವಿದ ಹಾಗೆ ಕೈ ಕೊಡವುತ್ತಿದ್ದೆ. ಐದು ನಿಮಿಷಕ್ಕೆ ಸರಿಹೋಗುತ್ತಿತ್ತು, ಮತ್ತೆ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದರೆ ಹಾಲು, ಕಾಫಿ, ತಿಂಡಿ, ಡಬ್ಬಿ. ರಾತ್ರಿಯ ಮಾತು ರಾತ್ರಿಗೇ ಮುಗಿಯಿತು.

ನೀವು ಈ ಸಾಲು ಓದುತ್ತಾ "ಅಯ್ಯೋ, ನಂಗೂ ಹೀಗೇ ಆಗತ್ತಲ್ಲ" ಅಂದಿರಾದರೆ ದಯವಿಟ್ಟು ಪುಟ ತಿರುಗಿಸಬೇಡಿ.

ಒಬ್ಬೊಬ್ಬರದು ಒಂದೊಂದು ಮದ್ದು

ಅತ್ತೆಯವರು ವಾಯು ಅಂದರು. ಬೆಳ್ಳುಳ್ಳಿ ಹುರಿದು ತಿಂದದ್ದಾಯಿತು. ಪಕ್ಕದ ಮನೆಯವರು ನಿಶ್ಶಕ್ತಿ ಅಂದರು. ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಬಿ ಕಾಂಪ್ಲೆಕ್ಸ್ ಮಾತ್ರೆಯನ್ನು ಮೂರು ತಿಂಗಳು ನುಂಗಿದೆ. ಆಮೇಲೆ ಒಂದು ಕಡೆ ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆ ಎಂದು ಕೊರಳಪಟ್ಟಿ ಹಾಕಿ ಕಳಿಸಿದರು. ಅದನ್ನು ಹಾಕಿಕೊಂಡು ಒಲೆ ಮುಂದೆ ನಿಂತರೆ ಸೆಕೆಗೆ ಪ್ರಾಣ ಹೋಗುತ್ತಿತ್ತು. ಜೋಮು ಮಾತ್ರ ತನ್ನ ಪಾಡಿಗೆ ತಾನು ರಾತ್ರಿ ಎರಡು ಗಂಟೆಗೆ ಬಂದು ಎಬ್ಬಿಸುತ್ತಲೇ ಇತ್ತು.

ಸಾರು ಚೆಲ್ಲಿದ ವಾರವೇ ನಮ್ಮ ಬಡಾವಣೆಯ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇ ಪಕ್ಕಕ್ಕಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು. "ಕಿರುಬೆರಳೂ ಜೋಮು ಹಿಡಿಯತ್ತಾ?"

ನನಗೆ ಉತ್ತರ ಗೊತ್ತಿರಲಿಲ್ಲ! ಆರು ತಿಂಗಳು ಕೈ ಕೊಡವಿದವಳು ಯಾವ ಯಾವ ಬೆರಳು ಅಂತ ಒಂದು ದಿನವೂ ನೋಡಿರಲಿಲ್ಲ. "ಇವತ್ತು ರಾತ್ರಿ ನೋಡಿ, ನಾಳೆ ಬನ್ನಿ" ಅಂದರು. ಆ ರಾತ್ರಿ ಎಚ್ಚರವಾದಾಗ ಒಂದೊಂದೇ ಬೆರಳು ಚಿವುಟಿ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿದ್ದವು. ಉಂಗುರದ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಮಾತ್ರ. ಕಿರುಬೆರಳು ಚೆನ್ನಾಗಿ ನೋಯಿತು. ಮಾರನೆಯ ದಿನ ಹೋಗಿ ಹೇಳಿದೆ. ಡಾಕ್ಟರು ನಕ್ಕು, "ಅರ್ಧ ರೋಗ ನೀವೇ ಕಂಡುಹಿಡಿದಿರಿ" ಅಂದರು.

ಮಣಿಕಟ್ಟಿನ ಒಳಗೊಂದು ಓಣಿ

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳು ಕಮಾನಿನ ಹಾಗೆ ಜೋಡಿಸಿಕೊಂಡಿವೆ. ಅಂಗೈ ಕಡೆಯಿಂದ ಅದರ ಮೇಲೆ ಒಂದು ಗಟ್ಟಿ ಪಟ್ಟಿ ಅಡ್ಡಲಾಗಿ ಬಿಗಿದಿದೆ. ಈ ಎರಡರ ನಡುವೆ ಇರುವ ಕಿರಿದಾದ ಓಣಿಗೆ ಕಾರ್ಪಲ್ ಟನಲ್ ಅನ್ನುತ್ತಾರೆ. ಬೆರಳುಗಳನ್ನು ಮಡಿಸುವ 9 ಹುರಿಗಳು, ಅವುಗಳ ಜೊತೆಗೆ ಮೀಡಿಯನ್ ಎಂಬ ಒಂದು ನರ, ಎಲ್ಲವೂ ಆ ಓಣಿಯಲ್ಲೇ ಹಾದುಹೋಗಬೇಕು. ಜಾತ್ರೆಯ ದಿನದ ಸಂದಿಯ ಹಾಗೆ! ಹುರಿಗಳ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ಸಾಕು. ಮೂಳೆ ಸರಿಯುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ. ನಡುವೆ ಸಿಕ್ಕಿ ನಲುಗುವುದು ಮೆತ್ತನೆಯ ನರ.

ಈ ನರ ಸ್ಪರ್ಶ ಕೊಡುವುದು ಹೆಬ್ಬೆರಳಿಗೆ, ಅದರ ಪಕ್ಕದ ಎರಡು ಬೆರಳಿಗೆ, ಉಂಗುರದ ಬೆರಳಿನ ಅರ್ಧಕ್ಕೆ. ಕಿರುಬೆರಳಿಗೆ ಬೇರೆ ನರ, ಅದು ಈ ಓಣಿಯಲ್ಲಿ ಬರುವುದೇ ಇಲ್ಲ. ಡಾಕ್ಟರು ಕಿರುಬೆರಳನ್ನೇ ಕೇಳಿದ್ದು ಅದಕ್ಕೆ.

ರಾತ್ರಿಯೇ ಯಾಕೆ ಅಂತೀರಾ? ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿಕೊಂಡು, ಕೈಯನ್ನು ಕೆನ್ನೆಯ ಕೆಳಗೋ ದಿಂಬಿನ ಕೆಳಗೋ ಇಟ್ಟುಕೊಂಡು ಮಲಗುತ್ತೇವೆ. ಮಣಿಕಟ್ಟು ಮಡಿಸಿದರೆ ಓಣಿಯಲ್ಲಿ ಒತ್ತಡ ಹೆಚ್ಚುತ್ತದೆ. ಕೊಡವಿದಾಗ ಅದು ತುಸು ಇಳಿಯುತ್ತದೆ, ನೆಮ್ಮದಿ ಅನ್ನಿಸುತ್ತದೆ.

ಇದು ಹೊಸ ರೋಗವೇನಲ್ಲ. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಷ್ಟು ಹಿಂದೆಯೇ ಮಣಿಕಟ್ಟಿನಲ್ಲಿ ಈ ನರ ಅದುಮಿಹೋಗುವುದನ್ನು ಬರೆದಿಟ್ಟಿದ್ದರು. ಅಮೆರಿಕದ ಜಾರ್ಜ್ ಫೇಲನ್ ಎಂಬ ವೈದ್ಯರು 1950ರ ದಶಕದಲ್ಲಿ ಒಂದು ಸುಲಭ ಪರೀಕ್ಷೆಯನ್ನು ಬಳಕೆಗೆ ತಂದರು. ಎರಡೂ ಮಣಿಕಟ್ಟು ಕೆಳಕ್ಕೆ ಮಡಿಸಿ, ಎರಡು ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿಯುವುದು. ನಮಸ್ಕಾರವನ್ನು ತಿರುವುಮುರುವು ಮಾಡಿದ ಹಾಗೆ. ನನಗೆ ಅರ್ಧ ನಿಮಿಷಕ್ಕೇ ಬೆರಳು ಜುಮುಜುಮು ಅಂದಿತು. ಆದರೆ ಮನೆಯಲ್ಲಿ ಇದೊಂದನ್ನೇ ಮಾಡಿ ತೀರ್ಮಾನಕ್ಕೆ ಬರಬೇಡಿ. ಸಂದೇಹ ಬಂದರೆ ನರದಲ್ಲಿ ಸಣ್ಣ ವಿದ್ಯುತ್ತು ಹರಿಸಿ ಅದು ಎಷ್ಟು ಬೇಗ ಮುಟ್ಟುತ್ತದೆ ಎಂದು ಅಳೆಯುವ ಪರೀಕ್ಷೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಾತ್ರವಲ್ಲ, ಅನೇಕ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಚುರುಚುರು ಅನ್ನುತ್ತದೆ, ಹೆದರುವಂಥದ್ದೇನಿಲ್ಲ.

ನಮಗೇ ಯಾಕೆ ಹೆಚ್ಚು?

ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಹೆಚ್ಚು, ಅದೂ ನಲವತ್ತರಿಂದ ಅರವತ್ತರ ನಡುವೆ. ಮುಟ್ಟು ನಿಲ್ಲುವ ಕಾಲ, ಬಸುರಿನ ಕೊನೆಯ ತಿಂಗಳುಗಳು, ಥೈರಾಯ್ಡ್ ಕಡಿಮೆಯಾಗಿರುವುದು, ಸಕ್ಕರೆ ಕಾಯಿಲೆ, ಕೀಲೂತದ ರುಮಟಾಯ್ಡ್ ಕಾಯಿಲೆ, ಮೈತೂಕ ಜಾಸ್ತಿ ಇರುವುದು, ಎಂದೋ ಮುರಿದು ಕೂಡಿದ ಮಣಿಕಟ್ಟು, ಇವೆಲ್ಲ ಕಾರಣಗಳಾಗಬಹುದು. ಮಣಿಕಟ್ಟನ್ನು ಬಗ್ಗಿಸಿ, ಬಲ ಹಾಕಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಕೆಲಸವೂ ಇದನ್ನು ಹೆಚ್ಚಿಸುತ್ತದೆ. ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಚಕ್ಕುಲಿ ಒರಳು ತಿರುಗಿಸುವುದು, ಮುದ್ದೆ ತೊಳೆಸುವುದು. ನಾವು ಯಾರಾದರೂ ಇದನ್ನು ದುಡಿಮೆ ಅಂತ ಲೆಕ್ಕಕ್ಕೆ ಹಿಡಿದಿದ್ದೇವೆಯೇ?

ನನ್ನ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಡಿಮೆ ಇತ್ತು. ಆಯಾಸ, ಕೂದಲು ಉದುರುವುದು, ಚಳಿ ಚಳಿ ಅನ್ನುವುದು, ಎಲ್ಲ ವಯಸ್ಸಿಗೆ ಬಂದದ್ದು ಅಂದುಕೊಂಡಿದ್ದೆ. ಕೈ ಜೋಮಿನಿಂದ ಅದೂ ಸಿಕ್ಕಿಬಿತ್ತು. ಹಾಗಾಗಿ ಕೈ ತೋರಿಸಲು ಹೋದಾಗ ಸಕ್ಕರೆ ಮತ್ತು ಥೈರಾಯ್ಡ್ ಎರಡನ್ನೂ ನೋಡಿಸಬೇಕೇ ಎಂದು ಕೇಳಿ.

ಚಿಕಿತ್ಸೆ ಏನು?

ಆರಂಭದಲ್ಲಿ ಹೋದರೆ ಸುಲಭ. ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ನಿಲ್ಲುವಂತೆ ಒಂದು ಪಟ್ಟಿ, ಸ್ಪ್ಲಿಂಟ್ ಅನ್ನುತ್ತಾರೆ, ಕಟ್ಟಿಕೊಳ್ಳುವುದು. ಒಳಗೆ ಚಪ್ಪಟೆ ಪಟ್ಟಿ ಇರುತ್ತದೆ. ಕೈ ಮೇಲಕ್ಕೂ ಬಾಗಬಾರದು, ಕೆಳಕ್ಕೂ ಬಾಗಬಾರದು. ಬಿಗಿಯಾಗಿ ಕಟ್ಟಬಾರದು. ಸುಮಾರು ಆರು ವಾರ ತಪ್ಪದೆ ಹಾಕಬೇಕು. ಎರಡು ರಾತ್ರಿ ಹಾಕಿ "ಏನೂ ಆಗಲಿಲ್ಲ" ಎಂದು ಬೀರುವಿಗೆ ಸೇರಿಸಿದರೆ ಪ್ರಯೋಜನವಿಲ್ಲ. ನಾನು ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತಾ ಪಟ್ಟಿಯನ್ನೂ ಹಾಕಿದೆ. ಮೂರನೆಯ ವಾರ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ಬೆಳಿಗ್ಗೆ ಹಾಲಿನವನು ಗಂಟೆ ಒತ್ತಿದಾಗಲೇ ಎಚ್ಚರವಾದದ್ದು! ಎರಡು ತಿಂಗಳಲ್ಲಿ ಜೋಮು ಹತೋಟಿಗೆ ಬಂತು.

ಪಟ್ಟಿಗೆ ಬಗ್ಗದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಎಷ್ಟೋ ಜನಕ್ಕೆ ಕೆಲವು ತಿಂಗಳು ನೆಮ್ಮದಿ ಸಿಗುತ್ತದೆ, ಕೆಲವರಿಗೆ ಮತ್ತೆ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರಬಹುದು, ಮೊದಲೇ ಹೇಳಿರಿ.

ಅದಕ್ಕೂ ಬಗ್ಗದಿದ್ದರೆ, ಇಲ್ಲವೇ ನರ ಸೊರಗಲು ಶುರುವಾಗಿದ್ದರೆ, ಆಪರೇಷನ್. ಈ ಮಾತು ಕೇಳಿದರೆ ಎಲ್ಲರಿಗೂ ಒಂದೇ ಭಯ: "ನರ ಕತ್ತರಿಸಿಬಿಟ್ಟರೆ ಕೈ ಬಿದ್ದುಹೋಗಲ್ವಾ?" ಇಲ್ಲ. ಕತ್ತರಿಸುವುದು ಮೇಲಿನ ಪಟ್ಟಿಯನ್ನು. ನರಕ್ಕೆ ಉಸಿರಾಡಲು ಜಾಗ ಮಾಡಿಕೊಡುವುದು, ಅಷ್ಟೆ. ಸಾಮಾನ್ಯವಾಗಿ ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣ ಗಾಯದಲ್ಲಿ ಮುಗಿಸುತ್ತಾರೆ, ಹೆಚ್ಚಿನವರು ಅಂದೇ ಮನೆಗೆ ಬರಬಹುದು. ಹತ್ತರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಭಾರದ ಕೆಲಸಕ್ಕೆ ಒಂದು, ಒಂದೂವರೆ ತಿಂಗಳು ಬಿಡುವು ಬೇಕು. ಗಾಯದ ಜಾಗ ಕೆಲವು ತಿಂಗಳು ಮುಟ್ಟಿದರೆ ನೋಯುವುದುಂಟು.

ಎಣ್ಣೆ ನೀವಿಕೊಂಡರೆ ಹಾಯ್ ಅನ್ನಿಸುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದು ಓಣಿಯನ್ನು ಅಗಲ ಮಾಡುವುದಿಲ್ಲ. ಇನ್ನು ಬಿಸಿನೀರಿನ ಶಾಖ ಕೊಡುವವರು ಜೋಪಾನ. ಜೋಮು ಹಿಡಿದ ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯುವುದು.

ಅತ್ತಿಗೆಯ ಕೈ

ನಮ್ಮ ಅಣ್ಣನ ಹೆಂಡತಿಯ ವಿಷಯ ಹೇಳಬೇಕು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಚನ್ನರಾಯಪಟ್ಟಣದ ಕಡೆಯ ದೊಡ್ಡ ಸಂಸಾರ ಅವರದು. ನನ್ನ ಕೈಪಟ್ಟಿ ನೋಡಿ, "ನಂಗೂ ಎಂಟು ವರ್ಷದಿಂದ ಹೀಗೇ ಕಣೇ, ಈಗ ರಾತ್ರಿ ಜೋಮು ಅಷ್ಟಿಲ್ಲ, ವಾಸಿಯಾಗಿದೆ" ಅಂದರು. ನಾನೂ ಸಂತೋಷಪಟ್ಟೆ. ಆಮೇಲೆ ಅವರ ಅಂಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ನಮಗೆಲ್ಲ ದಿಂಬಿನ ಹಾಗೆ ಮಾಂಸ ಇರುತ್ತದಲ್ಲ, ಅಲ್ಲಿ ಅವರಿಗೆ ಗುಳಿ ಬಿದ್ದಿತ್ತು. ರವಿಕೆಯ ಹುಕ್ಕು ಹಾಕಲು ಸೊಸೆಯನ್ನು ಕರೆಯುತ್ತಿದ್ದರು. ಸಾಸಿವೆ ಚಿಟಿಕೆಯಲ್ಲಿ ನಿಲ್ಲುತ್ತಿರಲಿಲ್ಲ.

ಕರೆದುಕೊಂಡು ಹೋದಾಗ ಡಾಕ್ಟರು ಹೇಳಿದ್ದು ಕೇಳಿ ನನಗೆ ಗಂಟಲು ಕಟ್ಟಿತು. ವಾಸಿಯಾದದ್ದಲ್ಲ, ನೋವು ಹೇಳುವ ಶಕ್ತಿಯನ್ನೇ ನರ ಕಳೆದುಕೊಳ್ಳುತ್ತಿತ್ತು. ಹೆಬ್ಬೆರಳನ್ನು ಎತ್ತಿ ಎದುರು ಬೆರಳಿಗೆ ತಂದು ಕೂಡಿಸುವ ಸ್ನಾಯುಗಳಿಗೂ ಇದೇ ನರ. ಬಹಳ ಕಾಲ ಅದುಮಿಹೋದರೆ ಆ ಸ್ನಾಯು ಬತ್ತುತ್ತದೆ. ಆಪರೇಷನ್ ಆಯಿತು. ಉಳಿದಿದ್ದ ಜುಮುಜುಮು ಹೋಯಿತು, ಬೆರಳಿಗೆ ಸ್ವಲ್ಪ ಸ್ಪರ್ಶ ಬಂತು. ಬತ್ತಿದ ಮಾಂಸ ಮಾತ್ರ ಮತ್ತೆ ತುಂಬಲಿಲ್ಲ.

ಅತ್ತಿಗೆ ಹೂ ಕಟ್ಟುವುದು ನೋಡಬೇಕಿತ್ತು ನೀವು. ಮಾತಾಡುತ್ತಾ ಮಾತಾಡುತ್ತಾ ಬಾಳೆನಾರಿನಲ್ಲಿ ಮಾರು ಮಲ್ಲಿಗೆ ಕಟ್ಟಿ ಮುಗಿಸುತ್ತಿದ್ದರು, ಹೂ ಬಾಡುತ್ತಿರಲಿಲ್ಲ, ಗಂಟು ಸಡಿಲವಾಗುತ್ತಿರಲಿಲ್ಲ. ನನ್ನ ಮದುವೆಯ ಜಡೆಗೆ ಅವರೇ ಹೂ ಕಟ್ಟಿದ್ದು. ಈಗ ಕಟ್ಟಿದ ಹೂ ಕೊಳ್ಳುತ್ತಾರೆ. ಯಾಕೆ ಮೊದಲೇ ಹೇಳಲಿಲ್ಲ ಅತ್ತಿಗೆ, ಅಂದೆ. "ಏನಂತ ಹೇಳಲೇ? ಕೈ ಜೋಮು ಹಿಡಿಯತ್ತೆ ಅಂತ ಡಾಕ್ಟರ ಹತ್ರ ಹೋಗೋಕೆ ಆಗತ್ತಾ? ನಗ್ತಾರೆ" ಅಂದರು. ನೀವೂ ಹೀಗೇ ಅಂದುಕೊಂಡು ಸುಮ್ಮನಿರಬಾರದು ಅಂತಲೇ ಇಷ್ಟು ಬರೆಯುತ್ತಿರುವುದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವವರೆಗೆ ಕಾಯಬೇಡಿ.

ಎಲ್ಲ ಜೋಮೂ ಒಂದೇ ಅಲ್ಲ

ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳು ಜೋಮು ಹಿಡಿದರೆ, ಮೊಣಕೈಯಲ್ಲಿ ಬೇರೊಂದು ನರ ಅದುಮಿರಬಹುದು.

ಕುತ್ತಿಗೆಯಿಂದ ಹೊರಟು ಭುಜ, ತೋಳಿನುದ್ದಕ್ಕೂ ನೋವು ಇಳಿದು, ಕುತ್ತಿಗೆ ತಿರುಗಿಸಿದರೆ ಹೆಚ್ಚಾಗುತ್ತಿದ್ದರೆ ಕುತ್ತಿಗೆಯ ದೋಷವಿರಬಹುದು. ಎಕ್ಸ್‌ರೇಯಲ್ಲಿ ಸವೆತ ಕಂಡಿತು ಎಂದ ಮಾತ್ರಕ್ಕೆ ಅದೇ ಕಾರಣವಲ್ಲ. ನಡುವಯಸ್ಸು ದಾಟಿದವರಲ್ಲಿ ನೋವಿಲ್ಲದಿದ್ದರೂ ಸವೆತ ಕಾಣುವುದುಂಟು.

ಎರಡು ಪಾದ, ಆಮೇಲೆ ಎರಡು ಕೈ, ಹೀಗೆ ಎರಡೂ ಕಡೆ ಉರಿ, ಜೋಮು ಇದ್ದರೆ ಸಕ್ಕರೆ ಕಾಯಿಲೆಯನ್ನೂ ಬಿ12 ಜೀವಸತ್ವದ ಕೊರತೆಯನ್ನೂ ನೋಡಿಸಬೇಕು. ಬಿ12 ಸಸ್ಯಾಹಾರದಲ್ಲಿ ಹಾಲು ಮೊಸರಿನಿಂದ ಮಾತ್ರ ಸಿಗುವುದು, ಸೊಪ್ಪು ಕಾಳುಗಳಲ್ಲಿ ಇಲ್ಲ. ಮನೆಮಂದಿಗೆಲ್ಲ ಮೊಸರು ಬಡಿಸಿ ತಾವು ನೀರುಮಜ್ಜಿಗೆಯಲ್ಲಿ ಮುಗಿಸುವವರು ಗಮನಿಸಿ. ಆದರೆ ವಿಟಮಿನ್ ಮಾತ್ರೆಗಳನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ. ಬಿ6 ಅತಿಯಾದರೆ ಅದೇ ನರಕ್ಕೆ ಹಾನಿ ಮಾಡುತ್ತದೆ.

ಒಂದು ಕಡೆಯ ಕೈ ಅಥವಾ ಕಾಲು ಇದ್ದಕ್ಕಿದ್ದ ಹಾಗೆ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಅದು ಪಾರ್ಶ್ವವಾಯು, ಜನ ಲಕ್ವ ಅನ್ನುವುದು. ಆಗ ಎಣ್ಣೆ, ಹರಕೆ, ನಾಳೆ ನೋಡೋಣ ಯಾವುದೂ ಬೇಡ. ಕೂಡಲೇ 108ಕ್ಕೆ ಫೋನು ಮಾಡಿ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಸೇರಿಸಿ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಶುರುವಾದ ಹೊತ್ತು ಎಷ್ಟು ಎಂದು ಗಡಿಯಾರ ನೋಡಿ ನೆನಪಿಡಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.

ಕೆಲಸದಲ್ಲಿ ಕೈಗೆ ಕನಿಕರ

ದೊಡ್ಡ ಬಟ್ಟೆಗಳನ್ನು, ಸೀರೆ ಹೊದಿಕೆಗಳನ್ನು ಹಿಂಡಬೇಡಿ, ತಂತಿಯ ಮೇಲೆ ಹಾಕಿ ನೀರು ಸೋರಲು ಬಿಡಿ. ಚಪಾತಿ ಹಿಟ್ಟನ್ನು ಕಲಸಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ತಾನೇ ಮೆತ್ತಗಾಗುತ್ತದೆ, ನಾದುವ ಶ್ರಮ ಅರ್ಧ ಉಳಿಯುತ್ತದೆ. ಭಾರದ ಪಾತ್ರೆಯನ್ನು ಎರಡು ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ಇಳಿಸಿ. ಮೂರು ಕಾಯಿ ತುರಿಯುವುದಿದ್ದರೆ ಒಂದಾದ ಮೇಲೆ ಎದ್ದು ಬೇರೆ ಕೆಲಸ ಮಾಡಿ ಬನ್ನಿ. ಹಿಡಿ ಸಣ್ಣಗಿರುವ ಸೌಟು, ಚಾಕುಗಳಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಬಾಯಿ ಬಿಟ್ಟು ಹೇಳಿ. ಡಾಕ್ಟರ ಮಾತು ಕೇಳಿದ ಮೇಲೆ ನಮ್ಮವರು ಸಾರಿನ ಪಾತ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ವಾರ ಬಿಟ್ಟು ನೋಡಿದರೆ, ಬೆಳಿಗ್ಗೆ ಸಾರು ಇಳಿಸುವ ಹೊತ್ತಿಗೆ ಪೇಪರು ಮಡಿಸಿಟ್ಟು ತಾವೇ ಒಳಗೆ ಬರತೊಡಗಿದ್ದರು! ದೊಡ್ಡ ಮಗ ಬಟ್ಟೆ ಒಣಗಿಸುತ್ತಾನೆ. ಸರಿಯಾಗಿ ಜಾಡಿಸುವುದಿಲ್ಲ, ಸುಕ್ಕು ಇರುತ್ತದೆ. ಇರಲಿ ಬಿಡಿ.

ನಿಮ್ಮ ಪತ್ರದಿಂದ

ಏಳು ತಿಂಗಳ ಬಸುರಿ ಸೊಸೆಗೆ ರಾತ್ರಿ ಎರಡೂ ಕೈ ಜೋಮು ಎಂದು ಹಾಸನದಿಂದ ಒಬ್ಬ ಸೋದರಿ ಬರೆದಿದ್ದಾರೆ. ಬಸುರಿನಲ್ಲಿ ಮೈಯಲ್ಲಿ ನೀರು ನಿಲ್ಲುವುದರಿಂದ ಹೀಗಾಗುವುದು ಸಾಮಾನ್ಯ, ಹೆರಿಗೆಯಾದ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಹೋಗುತ್ತದೆ. ರಾತ್ರಿಯ ಕೈಪಟ್ಟಿ ಸಾಕಾಗುತ್ತದೆ. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿ, ತಲೆನೋವು, ಕಣ್ಣು ಮಂಜು ಇದ್ದರೆ ಅದು ರಕ್ತದೊತ್ತಡದ ಸೂಚನೆ, ಅಂದೇ ತೋರಿಸಬೇಕು. ಯಾವ ಮಾತ್ರೆಯನ್ನೂ ಕೇಳದೆ ಕೊಡಬೇಡಿ ತಾಯಿ.

ಇವತ್ತು ರಾತ್ರಿ ಕೈ ಜೋಮು ಹಿಡಿದು ಎಚ್ಚರವಾದರೆ ಕೊಡವುವ ಮೊದಲು ಒಂದು ಕ್ಷಣ ತಡೆಯಿರಿ. ಒಂದೊಂದೇ ಬೆರಳು ಚಿವುಟಿ ನೋಡಿ. ಬೆಳಿಗ್ಗೆ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳಿನ ಬುಡ ಎರಡರಲ್ಲೂ ಒಂದೇ ಸಮ ತುಂಬಿಕೊಂಡಿದೆಯೇ ನೋಡಿ. ಕಂಡದ್ದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಮೂಲೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಯಾರೂ ನಗುವುದಿಲ್ಲ.

ಅತ್ತಿಗೆ ಈ ವಾರ ಬರುತ್ತಿದ್ದಾರೆ. ಹೂವು ನಾನೇ ಕಟ್ಟಿ ಮುಡಿಸಬೇಕು ಅಂತಿದ್ದೇನೆ. ಅವರಷ್ಟು ಒತ್ತಾಗಿ ನನಗೆ ಬರುವುದಿಲ್ಲ, ಆದರೂ ಕೈ ಇದೆಯಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಕೈ ಜೋಪಾನ.

ನಿಮ್ಮ ಸೋದರಿ